ಸೋರುವ ನಲ್ಲಿಗೆ ಯಾವ ಸ್ಪಿಂಡಲ್? ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳ ವಿಮರ್ಶೆ

ಬಚ್ಚಲಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾದರೆ ಹೆಚ್ಚಿನ ಮನೆಗಳಲ್ಲಿ ಮಾಡುವುದು ಎರಡೇ ಕೆಲಸ: ಮೊದಲು ಇನ್ನಷ್ಟು ಬಿಗಿಯಾಗಿ ತಿರುಗಿಸುವುದು, ಅದಕ್ಕೂ ನಿಲ್ಲದಿದ್ದರೆ ಹೊಸ ನಲ್ಲಿಯನ್ನೇ ಹಾಕಿಸುವುದು. ಎರಡೂ ಬೇಕಿಲ್ಲ. ಒಳ್ಳೆಯ ಹಿತ್ತಾಳೆ ನಲ್ಲಿಯ ಮೈ ಹತ್ತಾರು ವರ್ಷ ಬಾಳುತ್ತದೆ. ಸವೆಯುವುದು ಅದರ ಕುತ್ತಿಗೆಯೊಳಗೆ ಕೂತು ನೀರನ್ನು ತಡೆಯುವ, ಹೆಬ್ಬೆರಳು ಗಾತ್ರದ ಒಂದು ಬಿಡಿಭಾಗ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪಿಂಡಲ್ ಎಂದು ಕೇಳಿದರೆ ಸಾಕು, ಕೊಡುತ್ತಾರೆ. ಕೊಟ್ಟದ್ದು ನಿಮ್ಮ ನಲ್ಲಿಗೆ ಸರಿಹೊಂದುತ್ತದೆ ಎಂಬ ಖಾತರಿ ಮಾತ್ರ ಇಲ್ಲ. ಆದ್ದರಿಂದಲೇ ಈ ವಿಮರ್ಶೆ.

ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯ ಲೆಕ್ಕ ಹಾಕಿ ನೋಡಿ. ಒಂದು ಹನಿ ಸುಮಾರು ಕಾಲು ಮಿಲಿಲೀಟರ್. ದಿನಕ್ಕೆ 86,400 ಹನಿ, ಅಂದರೆ 21 ಲೀಟರಿಗೂ ಹೆಚ್ಚು. ತಿಂಗಳಿಗೆ ಸುಮಾರು 650 ಲೀಟರ್. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ. ಟ್ಯಾಂಕರ್ ತರಿಸುವ ಬಡಾವಣೆಗಳಲ್ಲಿ ಈ 650 ಲೀಟರಿಗೆ ಕೈಯಿಂದಲೇ ದುಡ್ಡು ಕೊಟ್ಟಿರುತ್ತೇವೆ. ಇದನ್ನು ನಿಲ್ಲಿಸುವ ಭಾಗಕ್ಕೆ ಹೆಚ್ಚಿನ ನಲ್ಲಿಗಳಲ್ಲಿ ಕೆಲವು ನೂರು ರೂಪಾಯಿ ಸಾಕು. ಹಳೆಯ ಬಗೆಯ ನಲ್ಲಿಯಾದರೆ ಒಂದು ಲೋಟ ಕಾಫಿಯ ದುಡ್ಡೂ ಬೇಕಾಗದು.

ತೀರ್ಪನ್ನು ಮೊದಲೇ ಹೇಳುತ್ತೇವೆ. ಕಾಲು ಸುತ್ತಿಗೆ ತೆರೆದುಕೊಳ್ಳುವ ನಲ್ಲಿಗೆ ಹಿತ್ತಾಳೆ ಮೈಯ ಸಿರಾಮಿಕ್ ಸ್ಪಿಂಡಲ್, ಅದೂ ನಲ್ಲಿಯ ಕಂಪನಿಯದ್ದೇ. ನಾಲ್ಕೈದು ಸುತ್ತು ತಿರುಗಿಸುವ ಹಳೆಯ ನಲ್ಲಿಗೆ ಬರೀ ವಾಷರ್. ಒಂದೇ ಹಿಡಿಯಲ್ಲಿ ಬಿಸಿ, ತಣ್ಣೀರು ಎರಡನ್ನೂ ನಡೆಸುವ ಸಿಂಗಲ್ ಲಿವರ್ ಮಿಕ್ಸರಿಗೆ ಅಳತೆ ನೋಡಿ ತಂದ ಕಾರ್ಟ್ರಿಡ್ಜ್ (ಅದರ ಒಳಗಿನ ದಪ್ಪ ಬಿಡಿಭಾಗ). ಪ್ಲಾಸ್ಟಿಕ್ ನಲ್ಲಿಯಾದರೆ ಬಿಡಿಭಾಗ ಹುಡುಕುವ ಶ್ರಮ ಬೇಡ. ಯಾವುದನ್ನು ತಂದರೂ, ಕೂರಿಸುವ ಜಾಗವನ್ನು ಶುಚಿ ಮಾಡದೆ ಹಾಕಿದರೆ ಅತಿ ಒಳ್ಳೆಯ ಭಾಗವೂ ಬೇಗ ಸೋರುತ್ತದೆ. ಹೊಸ ಸ್ಪಿಂಡಲ್ ಸರಿಯಿಲ್ಲ ಎಂದು ಅಂಗಡಿಗೆ ವಾಪಸು ಬರುವ ಎಷ್ಟೋ ದೂರುಗಳ ಮೂಲ ಇದೇ.

ಸೋರಿಕೆ ಎಲ್ಲಿಂದ ಎಂದು ಮೊದಲು ನೋಡಿ

ನಲ್ಲಿಯ ಬಾಯಿಯಿಂದ ಹನಿ ಬಿದ್ದರೆ ಮಾತ್ರ ವಾಷರ್ ಅಥವಾ ಸ್ಪಿಂಡಲ್ ಕೊಳ್ಳಬೇಕು. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ನೀರು ಒಸರಿದರೆ ಒಳಗಿನ ಕಡ್ಡಿಯ ಸುತ್ತಲಿನ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಸವೆದಿದೆ, ಅಥವಾ ಹಳೆಯ ನಲ್ಲಿಯಾದರೆ ಗ್ಲ್ಯಾಂಡ್ (ಕಡ್ಡಿಯ ಸುತ್ತ ನೀರು ತಡೆಯುವ ಬಿಗಿ) ಸಡಿಲವಾಗಿದೆ. ಗೋಡೆಗೆ ತಾಗಿದ ಫ್ಲ್ಯಾಂಜ್ ಎಂಬ ದುಂಡು ತಟ್ಟೆಯ ಹಿಂದಿನಿಂದ ಒಸರಿದರೆ ಅದು ಪೈಪಿನ ಜೋಡಣೆಯ ದೋಷ. ಸ್ಪಿಂಡಲ್ ಬದಲಿಸಿ ಪ್ರಯೋಜನವಿಲ್ಲ.

ಮುಚ್ಚಿದ ಮೇಲೂ ಉದ್ದ ಮೂತಿಯಲ್ಲಿ, ಜಾಲರಿಯ ಹಿಂದೆ ಉಳಿದ ನೀರು ಸ್ವಲ್ಪ ಹೊತ್ತು ಹನಿಯುವುದು ಸಹಜ. ತಲೆಮೇಲಿನ ಶವರ್‌ನಲ್ಲಿ ಇದು ಹಲವು ನಿಮಿಷ ನಡೆಯಬಹುದು. ನಲ್ಲಿ ಮುಚ್ಚಿ, ಬಾಯಿಯನ್ನು ಒಣಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಟ್ಟು ನೋಡಿ. ಆಗಲೂ ಹನಿ ಒಂದೇ ಸಮನೆ ಬೀಳುತ್ತಿದ್ದರೆ ಒಳಗಿನ ತಡೆ ಹೋಗಿದೆ.

ಬಿಸಿ, ತಣ್ಣೀರು ಎರಡೂ ಸೇರುವ ವಾಲ್ ಮಿಕ್ಸರಿನಲ್ಲಿ ಯಾವ ಬದಿಯದ್ದು ಹಾಳಾಗಿದೆ ಎಂದು ಹೊರಗಿನಿಂದ ಗೊತ್ತಾಗದು. ಗೀಸರಿಗೆ ನೀರು ಹೋಗುವ ಆಂಗಲ್ ವಾಲ್ವ್ ಮುಚ್ಚಿ ಕಾಯಿರಿ. ಹನಿ ನಿಂತರೆ ಬಿಸಿನೀರಿನ ಬದಿ, ನಿಲ್ಲದಿದ್ದರೆ ತಣ್ಣೀರಿನ ಬದಿ. ಬಕೆಟ್ಟಿಗೆ ನೀರು ಬಿಟ್ಟಾಗ ಶವರಿನಿಂದಲೂ ನೀರು ಬರುತ್ತಿದ್ದರೆ ಅದು ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರಿನ ದೋಷ. ಅದರ ಬಿಡಿಭಾಗವೇ ಬೇರೆ.

ಬಿಸಿನೀರಿನ ನಲ್ಲಿ ಗೀಸರ್ ಉರಿಯುವಾಗ ಮಾತ್ರ ತೊಟ್ಟಿಕ್ಕಿದರೆ ಆತುರಪಟ್ಟು ಸ್ಪಿಂಡಲ್ ಬಿಚ್ಚಬೇಡಿ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಗೀಸರಿನ ಒಳಬಾಯಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದ್ದರೆ ಆ ಹೆಚ್ಚುವರಿ ನೀರಿಗೆ ಹಿಂದಿನ ದಾರಿ ಮುಚ್ಚಿರುತ್ತದೆ. ಅದು ಸುರಕ್ಷತಾ ವಾಲ್ವಿನಿಂದ ಹನಿಯಬೇಕು. ಆ ವಾಲ್ವ್ ಉಪ್ಪು ಕಟ್ಟಿ ಅಂಟಿಕೊಂಡಿದ್ದರೆ ಒತ್ತಡವೆಲ್ಲ ಬಂದು ಬೀಳುವುದು ಮನೆಯಲ್ಲೇ ಅತಿ ದುರ್ಬಲವಾದ ನಲ್ಲಿಯ ಮೇಲೆ. ಅಂಥ ಕಡೆ ಮೊದಲು ನೋಡಿಸಬೇಕಾದ್ದು ಗೀಸರಿನ ಸುರಕ್ಷತಾ ವಾಲ್ವ್, ಅದೂ ತಡಮಾಡದೆ; ಇಲ್ಲಿ ನೀರು ಪೋಲಾಗುವುದಕ್ಕಿಂತ ದೊಡ್ಡ ಅಪಾಯವಿದೆ.

ರಬ್ಬರ್ ವಾಷರ್

ಹಳೆಯ ಹಿತ್ತಾಳೆ ನಲ್ಲಿ, ಹಿತ್ತಲಿನ ನಲ್ಲಿ, ಎಷ್ಟೋ ಸರ್ಕಾರಿ ವಸತಿಗೃಹಗಳ ಬಚ್ಚಲಿನ ನಲ್ಲಿ ಈಗಲೂ ಈ ಬಗೆಯವು. ಐಎಸ್ 781 ಎಂಬ ಭಾರತೀಯ ಮಾನಕ ಇವುಗಳದ್ದೇ. ಹಿಡಿ ತಿರುಗಿಸಿದಂತೆ ಕಡ್ಡಿ ಕೆಳಗಿಳಿದು, ತುದಿಯಲ್ಲಿರುವ ವಾಷರನ್ನು ಹಿತ್ತಾಳೆಯ ಅಂಚಿನ ಮೇಲೆ ಒತ್ತುತ್ತದೆ. ಆ ಅಂಚಿಗೆ ಸೀಟ್ ಎನ್ನುತ್ತಾರೆ. ಇಡೀ ವ್ಯವಸ್ಥೆ ಇಷ್ಟೇ.

ಅರ್ಧ ಇಂಚಿನ ನಲ್ಲಿಗೆ ಅರ್ಧ ಇಂಚಿನ ವಾಷರ್ ಎಂದೇ ಕೇಳಬೇಕು. ಅಂಗಡಿಯಲ್ಲಿ ಚರ್ಮ, ಮಾಮೂಲಿ ಕಪ್ಪು ರಬ್ಬರ್, ನೈಟ್ರೈಲ್ ರಬ್ಬರ್, ಫೈಬರ್ ಹೀಗೆ ಹಲವು ಸಿಗುತ್ತವೆ. ಚರ್ಮದ್ದು ತಣ್ಣೀರಿಗೆ ಮಾತ್ರ. ಬಿಸಿನೀರಿಗೆ ಗಟ್ಟಿಯಾಗಿ ಸುರುಟಿಕೊಳ್ಳುತ್ತದೆ. ಮಾಮೂಲಿ ಕಪ್ಪು ರಬ್ಬರ್ ಸೋಲಾರ್ ನೀರಿನ ಬಿಸಿಗೆ ಬೇಗ ಮೆತ್ತಗಾಗಿ, ಕೈಗೆ ಮಸಿ ಹತ್ತುವಂತಾಗುತ್ತದೆ. ನಮ್ಮ ಆಯ್ಕೆ ನೈಟ್ರೈಲ್. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಉಗುರಿನಿಂದ ಒತ್ತಿದರೆ ತುಸು ತಗ್ಗಿ ತಕ್ಷಣ ಮೊದಲಿನಂತಾಗಬೇಕು. ಗುರುತು ಉಳಿದರೆ ಆ ವಾಷರ್ ಬೇಡ.

ಬದಲಿಸುವುದು ಸುಲಭ. ಕಷ್ಟವಿರುವುದು ಸೀಟಿನಲ್ಲಿ. ಸೋರುವ ನಲ್ಲಿಯನ್ನು ತಿಂಗಳುಗಟ್ಟಲೆ ಬಿಗಿದು ಬಿಗಿದು ನಡೆಸಿದರೆ ವಾಷರ್ ಪೂರ್ತಿ ಸವೆದು, ಲೋಹಕ್ಕೆ ಲೋಹ ಉಜ್ಜಿ, ಸೀಟಿನಲ್ಲಿ ಗೀರು ಬೀಳುತ್ತದೆ. ಆ ಗೀರಿನಲ್ಲಿ ಸದಾ ನುಸುಳುವ ನೀರು ಅದನ್ನು ಇನ್ನೂ ಆಳವಾಗಿ ಕೊರೆಯುತ್ತದೆ. ಸ್ಪಿಂಡಲ್ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಿರುಬೆರಳು ಇಳಿಸಿ ಅಂಚಿನ ಸುತ್ತ ಆಡಿಸಿ. ನುಣುಪಾಗಿದ್ದರೆ ವಾಷರ್ ಸಾಕು. ಬೆರಳಿಗೆ ತೋಡು ಸಿಕ್ಕಿದರೆ ಸೀಟ್ ಕಟರ್ ಎಂಬ ಸಣ್ಣ ಸಾಧನದಿಂದ ಮಟ್ಟ ಮಾಡಬೇಕು. ಎರಡು ಮೂರು ಸುತ್ತು ಹಗುರವಾಗಿ ತಿರುಗಿಸಿದರೆ ಆಯಿತು, ಹೆಚ್ಚು ಕೊರೆದರೆ ಹಿತ್ತಾಳೆ ತೆಳುವಾಗುತ್ತದೆ. ಸೀಟು ಕೆಟ್ಟ ನಲ್ಲಿಗೆ ಹೊಸ ವಾಷರ್ ಹಾಕಿದರೆ ಸೋರಿಕೆ ಕೆಲವು ದಿನ ನಿಂತು ಮತ್ತೆ ಶುರುವಾಗುತ್ತದೆ.

ಸಿರಾಮಿಕ್ ಸ್ಪಿಂಡಲ್: ಹೆಚ್ಚು ಹೇಳಬೇಕಾದ್ದು ಇದರ ಬಗ್ಗೆಯೇ

ಇತ್ತೀಚಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಕಾಲು ಸುತ್ತಿಗೆ ಪೂರ್ತಿ ತೆರೆಯುವ ನಲ್ಲಿ. ಇದರ ಒಳಗೆ ಅಲ್ಯುಮಿನಾ ಎಂಬ ಗಟ್ಟಿ ಸಿರಾಮಿಕ್‌ನಿಂದ ಮಾಡಿದ, ಕನ್ನಡಿಯಂತೆ ಉಜ್ಜಿ ನಯ ಮಾಡಿದ ಎರಡು ಬಿಲ್ಲೆಗಳಿರುತ್ತವೆ. ಕೆಳಗಿನದು ಅಲುಗಾಡದು, ಮೇಲಿನದು ಹಿಡಿಯ ಜೊತೆ ತಿರುಗುತ್ತದೆ. ಎರಡರ ಕಿಂಡಿಗಳೂ ಒಂದರ ಮೇಲೊಂದು ಬಂದಾಗ ನೀರು ಹರಿಯುತ್ತದೆ, ಸರಿದಾಗ ನಿಲ್ಲುತ್ತದೆ. ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ನೀರಿನ ಒತ್ತಡ ಮತ್ತು ತಳದಲ್ಲಿರುವ ಸಿಲಿಕೋನ್ ಉಂಗುರ. ಇಲ್ಲಿ ಬಿಗಿಯಾಗಿ ತಿರುಗಿಸುವುದಕ್ಕೆ ಅರ್ಥವೇ ಇಲ್ಲ. ಹಿಡಿ ನಿಲ್ಲುವ ಜಾಗದಲ್ಲಿ ಒಂದು ಸಣ್ಣ ತಡೆ ಇರುತ್ತದೆ. ಬಲ ಹಾಕಿದರೆ ಅದು ಮುರಿದು ಹಿಡಿ ಸುತ್ತ ತಿರುಗತೊಡಗುತ್ತದೆ.

ಇವು ಕೆಡುವುದು ಮೂರು ಕಾರಣಕ್ಕೆ. ಮೊದಲನೆಯದು ಮರಳು. ಸಂಪು ತೊಳೆದಾಗ, ಟ್ಯಾಂಕ್ ತಳ ಕಲಕಿದಾಗ, ರಸ್ತೆಯಲ್ಲಿ ಪೈಪ್ ಒಡೆದು ಸರಿಯಾದ ಮರುದಿನ ಬರುವ ಕೆಸರುನೀರಿನಲ್ಲಿ ಸಣ್ಣ ಕಣವೊಂದು ಬಿಲ್ಲೆಗಳ ನಡುವೆ ಸಿಕ್ಕಿ ಗೀರು ಹಾಕುತ್ತದೆ. ಎರಡನೆಯದು ಗಡಸು ನೀರು. ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದ ಕಡೆ 600ರವರೆಗೆ ಒಪ್ಪಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಬಿಳಿ ಉಪ್ಪು ಕಟ್ಟುವುದು ಬಕೆಟ್ಟಿನ ಅಂಚಿನಲ್ಲೇ ಕಾಣುತ್ತದೆ. ಅದೇ ಉಪ್ಪು ಬಿಲ್ಲೆಯ ಕಿಂಡಿಯ ಅಂಚಿನಲ್ಲೂ ಕೂತು ಹಿಡಿ ಮೊದಲು ಗಡುಸಾಗುತ್ತದೆ, ಆಮೇಲೆ ಸೋರುತ್ತದೆ. ಮೂರನೆಯದು ತಳದ ಸಿಲಿಕೋನ್ ಉಂಗುರ. ಬಿಸಿನೀರಿಗೆ ಸಿಕ್ಕಿ ಅದು ಚಪ್ಪಟೆಯಾದರೆ ಬಿಲ್ಲೆಗಳು ಹೊಸದರಂತಿದ್ದರೂ ನೀರು ಅವುಗಳ ಹೊರಗಿನಿಂದ ದಾರಿ ಮಾಡಿಕೊಳ್ಳುತ್ತದೆ. ಬಿಲ್ಲೆಯಲ್ಲಿ ಗೀರೇ ಕಾಣದೆ ಸೋರುತ್ತಿದ್ದರೆ ಈ ಉಂಗುರವನ್ನೇ ಶಂಕಿಸಿ.

ಕರಾವಳಿಯಲ್ಲಿ ಕತೆ ಬೇರೆ. ದಕ್ಷಿಣ ಕನ್ನಡ, ಉಡುಪಿಯ ಜಂಬಿಟ್ಟಿಗೆ ಮಣ್ಣಿನ ಬಾವಿನೀರು ಹೆಚ್ಚಾಗಿ ಮೃದು, ತುಸು ಆಮ್ಲೀಯ. ಉಪ್ಪು ಕಟ್ಟುವುದು ಕಡಿಮೆ, ಹಿತ್ತಾಳೆ ಸವೆಯುವುದು ಹೆಚ್ಚು. ಕಬ್ಬಿಣದ ಅಂಶವಿರುವ ಕಡೆ ಕೆಂಪು ರಾಡಿಯೂ ಸೇರುತ್ತದೆ. ಅಲ್ಲಿ ಅಗ್ಗದ ಸ್ಪಿಂಡಲ್ ತೀರಾ ಬೇಗ ಕೆಡುತ್ತದೆ.

ಅಂಗಡಿಯಲ್ಲಿ ಮೂರು ದರ್ಜೆಯ ಸಿರಾಮಿಕ್ ಸ್ಪಿಂಡಲ್ ಸಿಗುತ್ತವೆ. ಪ್ಲಾಸ್ಟಿಕ್ ಮೈಯದ್ದು ಅತಿ ಅಗ್ಗ. ಸ್ಪ್ಯಾನರ್ ಹಿಡಿತಕ್ಕೆ ಇದರ ಮರೆ (ತಿರುಪಿನ ಸುರುಳಿ ಗೆರೆ) ಸವೆಯುತ್ತದೆ, ಬಿಸಿನೀರಿನ ಬದಿಯಲ್ಲಿ ಮೈ ತಿರುಚಿಕೊಳ್ಳುತ್ತದೆ. ಇದನ್ನು ಬಾಡಿಗೆ ಮನೆಗೂ ಶಿಫಾರಸು ಮಾಡುವುದಿಲ್ಲ. ಎರಡನೆಯದು ಸತುವಿನ ಮಿಶ್ರಲೋಹಕ್ಕೆ ಹೊಳಪು ಕೊಟ್ಟದ್ದು. ನೋಡಲು ಹಿತ್ತಾಳೆಯಂತೆಯೇ ಇರುತ್ತದೆ. ಆಯಸ್ಕಾಂತ ಇಟ್ಟು ಪರೀಕ್ಷಿಸಿ ಎನ್ನುವ ಸಲಹೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹಿತ್ತಾಳೆಯೂ ಸತುವೂ ಎರಡೂ ಅದಕ್ಕೆ ಅಂಟುವುದಿಲ್ಲ. ಮರೆಯ ತುದಿಯನ್ನು ಕೀಲಿಯಿಂದ ತುಸು ಗೀರಿ ನೋಡಿ: ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಸತು. ಮೂರನೆಯದು ಪೂರ್ತಿ ಹಿತ್ತಾಳೆ. ನೂರರಿಂದ ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ಇದನ್ನೇ ತನ್ನಿ. ನಿತ್ಯ ಹತ್ತಾರು ಬಾರಿ ತಿರುಗುವ ಭಾಗದಲ್ಲಿ ಈ ಉಳಿತಾಯ ಉಳಿತಾಯವಾಗದು.

ಅಂಗಡಿಯ ಕಟ್ಟೆಯ ಮೇಲೆಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸ್ಪಿಂಡಲನ್ನು ಮುಚ್ಚಿದ ಸ್ಥಿತಿಗೆ ತಿರುಗಿಸಿ, ಪಕ್ಕದ ಕಿಂಡಿಗಳನ್ನು ನೋಡುತ್ತ ತಳದಿಂದ ಬಾಯಲ್ಲಿ ಊದಿ. ಗಾಳಿ ಚೂರೂ ದಾಟಬಾರದು. ತಿರುಗಿಸುವಾಗ ಮೊದಲಿನಿಂದ ಕೊನೆಯವರೆಗೂ ಒಂದೇ ಬಗೆಯ ನಯವಾದ ತಡೆ ಸಿಗಬೇಕು. ಕರಕರ ಎಂದರೆ, ಅಥವಾ ನಡುವೆ ಸಡಿಲವಾದರೆ, ಇನ್ನೊಂದು ತೆಗೆಸಿ.

ಅಳತೆ ತಪ್ಪುವುದು ಎಲ್ಲಿ

ಹಳೆಯ ಸ್ಪಿಂಡಲನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಫೋಟೋ ಸಾಲದು. ಎಲ್ಲವೂ ಅರ್ಧ ಇಂಚಿನ ಮರೆಯವೇ ಆದರೂ ಹೊಂದಬೇಕಾದ ಸಂಗತಿಗಳು ಬೇರೆ ಇವೆ.

ಹಿಡಿ ಕೂರುವ ಕಡ್ಡಿಯ ತುದಿಯಲ್ಲಿ ಸುತ್ತ ಹಲ್ಲುಗಳಿರುತ್ತವೆ, ಇಲ್ಲವೇ ತುದಿ ಚೌಕವಾಗಿರುತ್ತದೆ. ಹಲ್ಲುಗಳಾದರೆ ಎಣಿಸಿ, ಹೆಚ್ಚಾಗಿ ಸಿಗುವುದು 20 ಮತ್ತು 24. ಒಂದನ್ನು ಇನ್ನೊಂದರ ಹಿಡಿಗೆ ಬಲವಂತವಾಗಿ ಕೂರಿಸಿದರೆ ಹಿಡಿಯ ಒಳಗಿನ ಹಲ್ಲು ಸವೆದು, ಹಿಡಿ ಜಾರತೊಡಗುತ್ತದೆ. ಆಗ ಹಿಡಿಯನ್ನೂ ಕೊಳ್ಳಬೇಕಾಗುತ್ತದೆ. ಕಡ್ಡಿಯ ಉದ್ದ ಹೆಚ್ಚಾದರೆ ಹಿಡಿ ಮತ್ತು ಮುಚ್ಚಳದ ನಡುವೆ ಸಂದು ಉಳಿಯುತ್ತದೆ, ಕಡಿಮೆಯಾದರೆ ಹಿಡಿ ಮುಚ್ಚಳಕ್ಕೆ ಉಜ್ಜುತ್ತದೆ.

ಇವೆರಡನ್ನೂ ಅಂಗಡಿಯವರು ಸಾಮಾನ್ಯವಾಗಿ ನೋಡಿಯೇ ಕೊಡುತ್ತಾರೆ. ನೋಡದೆ ಬಿಡುವುದು ಮರೆಯ ಕೆಳಗಿನ ಭಾಗದ ಉದ್ದವನ್ನು. ಸ್ಪಿಂಡಲ್ ಪೂರ್ತಿ ಕೂತಾಗ ತಳದ ಸಿಲಿಕೋನ್ ಉಂಗುರ ನಲ್ಲಿಯ ಒಳಗಿನ ಹಿತ್ತಾಳೆ ಮೆಟ್ಟಿಲಿನ ಮೇಲೆ ಒತ್ತಿಕೊಳ್ಳಬೇಕು. ಆ ಉದ್ದ ಒಂದು ಮಿಲಿಮೀಟರ್ ಕಡಿಮೆಯಾದರೂ ಉಂಗುರ ತಾಗದೆ, ಹೊಸ ಸ್ಪಿಂಡಲ್ ಮೊದಲ ಕ್ಷಣದಿಂದಲೇ ಸೋರುತ್ತದೆ. ಹೆಚ್ಚಾದರೆ ಉಂಗುರ ಬಿಲ್ಲೆಗಳನ್ನು ಅತಿಯಾಗಿ ಒತ್ತಿ ಹಿಡಿ ಬಿರುಸಾಗುತ್ತದೆ. ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ತಲೆಕೆಳಗಾಗಿ ನಿಲ್ಲಿಸಿ, ಮರೆಯ ಮೇಲಿನ ಕಾಲರಿನಿಂದ (ಹೊರಚಾಚಿದ ಅಂಚಿನಿಂದ) ಉಂಗುರದ ತುದಿಯವರೆಗೆ ಹೋಲಿಸಿ. ಹಳೆಯ ಉಂಗುರ ಚಪ್ಪಟೆಯಾಗಿರುವುದರಿಂದ ಹೊಸದು ಕೂದಲೆಳೆಯಷ್ಟು ಎತ್ತರವಿದ್ದರೆ ಸರಿ.

ವಾಲ್ ಮಿಕ್ಸರಿನಲ್ಲಿ ಇನ್ನೊಂದು ತೊಡಕು. ಲಿವರ್ ಹಿಡಿಗಳಿರುವ ಮಿಕ್ಸರಿನಲ್ಲಿ ಬಿಸಿ ಬದಿಯದ್ದು ಒಂದು ದಿಕ್ಕಿಗೆ, ತಣ್ಣೀರಿನದ್ದು ಇನ್ನೊಂದು ದಿಕ್ಕಿಗೆ ತೆರೆಯುವಂತೆ ಮಾಡಿರುತ್ತಾರೆ. ಎಡ, ಬಲ ಎಂದು ಹೇಳಿಯೇ ಕೊಳ್ಳಿ. ತಪ್ಪಿದರೆ ನೀರೇನೋ ನಿಲ್ಲುತ್ತದೆ, ಹಿಡಿ ಮಾತ್ರ ಉಲ್ಟಾ ತಿರುಗುತ್ತದೆ. ಸೋಪು ಮೆತ್ತಿದ ಕಣ್ಣು ಮುಚ್ಚಿ ಬಿಸಿನೀರು ನಿಲ್ಲಿಸಹೋದ ಮಗು ಇನ್ನಷ್ಟು ತೆರೆದುಬಿಡಬಹುದು.

ಜಾಕ್ವಾರ್, ಎಸ್ಕೋ, ಹಿಂಡ್‌ವೇರ್, ಪ್ಯಾರಿವೇರ್, ಸೆರಾ ಇಂಥ ಕಂಪನಿಗಳ ನಲ್ಲಿಯಾದರೆ ಅದೇ ಕಂಪನಿಯ ಸ್ಪಿಂಡಲ್ ಕೇಳಿ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಹೊಂದುತ್ತದೆ ಎಂದು ನಂಬಬೇಡಿ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಬಿಲ್ ಇದ್ದರೆ ಮೊದಲು ವಾರಂಟಿ ನೋಡಿ. ಅವಧಿ ಮುಗಿದಿಲ್ಲದಿದ್ದರೆ ಗ್ರಾಹಕ ಸೇವೆಗೆ ಫೋನ್ ಮಾಡುವುದೇ ಲಾಭ. ಗುರುತಿಲ್ಲದ ನಲ್ಲಿಯಾದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಹಾರ್ಡ್‌ವೇರ್ ಬೀದಿಗೆ ಹೋಗುವುದು ಲೇಸು. ಬಡಾವಣೆಯ ಅಂಗಡಿಯಲ್ಲಿ ಎರಡು ಮೂರು ಬಗೆ ಇದ್ದರೆ ಆ ಬೀದಿಯಲ್ಲಿ ಹೋಲಿಸಿ ನೋಡಲು ಹೆಚ್ಚು ಸಿಗುತ್ತವೆ.

ಕೂರಿಸುವ ಕೆಲಸ

ಬೇಕಾದ ಸಾಮಾನು: ಹೊಂದಿಸಬಹುದಾದ ಸ್ಪ್ಯಾನರ್ ಎರಡು, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂ ಡ್ರೈವರ್, ಅಲೆನ್ ಕೀ ಸೆಟ್, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವಿನೆಗರ್, ಟಾರ್ಚ್, ಹಳೆಯ ಬಟ್ಟೆ. ಹೊಸಬರು ಒಂದು ಗಂಟೆ ಇಟ್ಟುಕೊಂಡರೆ ಸಾಕು. ಅಂಗಡಿ ತೆರೆದಿರುವ ಹೊತ್ತಿನಲ್ಲೇ ಶುರುಮಾಡಿ.

ಬಚ್ಚಲಿನ ವಾಲ್ವ್ ಮುಚ್ಚಿ. ಅದಿಲ್ಲದಿದ್ದರೆ ಟ್ಯಾಂಕಿನ ಕೆಳಗಿನ ವಾಲ್ವ್. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಪೂರ್ತಿ ಮುಚ್ಚದೆ ಇರಬಹುದು, ಒತ್ತಾಯಿಸಿದರೆ ಅದೇ ಸೋರತೊಡಗಬಹುದು. ನಲ್ಲಿ ತೆರೆದು ಉಳಿದ ನೀರು ಇಳಿಸಿ. ನಹಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ನೀರು ಹೋಗುವ ತೂತು) ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಹಿಡಿಯ ಸಣ್ಣ ಸ್ಕ್ರೂ ನೇರ ಅಲ್ಲಿಗೇ ಹೋಗುತ್ತದೆ.

ಹಿಡಿಯ ಮೇಲಿನ ಬಿಲ್ಲೆಯನ್ನು ತೆಳುವಾದ ಬ್ಲೇಡಿನಿಂದ ಎಬ್ಬಿಸಿ, ಒಳಗಿನ ಸ್ಕ್ರೂ ಬಿಚ್ಚಿ. ಕೆಲವದರಲ್ಲಿ ಸ್ಕ್ರೂ ಹಿಡಿಯ ಪಕ್ಕದಲ್ಲಿ, ಅಲೆನ್ ಕೀಗೆ ಸಿಗುವಂತೆ ಇರುತ್ತದೆ. ಹಿಡಿ ಉಪ್ಪು ಕಟ್ಟಿ ಅಂಟಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು ಮೆಲ್ಲಗೆ ಅಲುಗಿಸಿ. ಬಚ್ಚಲು ತೊಳೆಯುವ ಆಸಿಡ್ ಸೋಕಿಸಲೇಬಾರದು, ಕ್ರೋಮ್ ಹೊಳಪು ಎದ್ದುಹೋಗುತ್ತದೆ.

ಒಳಗಿನ ಮುಚ್ಚಳ ತೆಗೆದ ಮೇಲೆ ಸ್ಪಿಂಡಲಿನ ಆರು ಮೂಲೆಯ ಭಾಗ ಕಾಣುತ್ತದೆ. ಇಲ್ಲಿ ಅವಸರ ಬೇಡ. ಒಂದು ಸ್ಪ್ಯಾನರಿನಿಂದ ನಲ್ಲಿಯ ಮೈಯನ್ನು ಬಟ್ಟೆ ಸುತ್ತಿ ಹಿಡಿದುಕೊಂಡು, ಇನ್ನೊಂದರಿಂದ ಸ್ಪಿಂಡಲನ್ನು ಎಡಕ್ಕೆ ತಿರುಗಿಸಿ. ಒಂದೇ ಸ್ಪ್ಯಾನರಿನಿಂದ ಬಲ ಹಾಕಿದರೆ ನಲ್ಲಿಯೇ ಗೋಡೆಯಲ್ಲಿ ತಿರುಗುತ್ತದೆ. ಗೋಡೆಯೊಳಗೆ ಇರುವುದು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಾದರೆ ಅದರ ಎಲ್ಬೋ (ತಿರುವಿನ ಜೋಡಣೆ) ಬಿರುಕು ಬಿಟ್ಟು, ಟೈಲ್ಸ್ ಒಡೆಯುವ ಕೆಲಸ ತಲೆಗೆ ಬರುತ್ತದೆ. ಮನೆಯಲ್ಲೇ ಮಾಡುವ ಈ ರಿಪೇರಿಯಲ್ಲಿ ನಿಜವಾಗಿ ದುಬಾರಿಯಾಗಬಲ್ಲ ತಪ್ಪು ಇದೊಂದೇ.

ಸ್ಪಿಂಡಲ್ ಹೊರಬಂದ ಮೇಲೆ ಒಳಗಿನ ಮೆಟ್ಟಿಲನ್ನು ವಿನೆಗರ್ ಮತ್ತು ಬ್ರಷ್‌ನಿಂದ ಉಜ್ಜಿ. ಸ್ಕ್ರೂ ಡ್ರೈವರ್ ತುದಿಯಿಂದ ಕೆರೆಯಬೇಡಿ. ಬೀಳುವ ಒಂದೊಂದು ಗೀರೂ ನೀರಿಗೆ ಒಂದು ಕಾಲುವೆ. ನಂತರ ಖಾಲಿ ಕುತ್ತಿಗೆಯ ಮುಂದೆ ಬಕೆಟ್ ಹಿಡಿದು, ಇನ್ನೊಬ್ಬರಿಂದ ವಾಲ್ವನ್ನು ಎರಡು ಸೆಕೆಂಡ್ ತೆರೆಸಿ ಮುಚ್ಚಿಸಿ. ಚಿಮ್ಮಿದ ನೀರಿನೊಂದಿಗೆ ಮರಳು, ಉಪ್ಪಿನ ಚೂರು, ಹಳೆಯ ಟೇಪಿನ ಎಳೆ ಎಲ್ಲ ಹೊರಬರುತ್ತದೆ. ಎಷ್ಟೋ ಪ್ಲಂಬರುಗಳು ಮಾಡದೆ ಬಿಡುವ ಹೆಜ್ಜೆ ಇದು. ಮಾಡದಿದ್ದರೆ ಆ ಚೂರುಗಳು ಹೊಸ ಬಿಲ್ಲೆಗಳ ನಡುವೆಯೇ ಸಿಗುತ್ತವೆ.

ಹೊಸ ಸ್ಪಿಂಡಲನ್ನು ಅರ್ಧ ತೆರೆದ ಸ್ಥಿತಿಯಲ್ಲಿ ಇಟ್ಟು, ಕೈಯಿಂದಲೇ ತಿರುಗುವಷ್ಟು ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿಯೆನಿಸಿದರೆ ಮರೆ ಅಡ್ಡ ಕೂತಿದೆ. ತೆಗೆದು ಮತ್ತೆ ಹಾಕಿ. ಕೊನೆಗೆ ಸ್ಪ್ಯಾನರಿನಿಂದ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಸ್ಪಿಂಡಲಿನ ಮರೆಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ನೀರು ತಡೆಯುವುದು ಕಾಲರಿನ ಓ-ರಿಂಗ್. ಟೇಪ್ ಸುತ್ತಿದರೆ ಸ್ಪಿಂಡಲ್ ಪೂರ್ತಿ ಕೆಳಗೆ ಕೂರದೆ ತಳದ ಉಂಗುರಕ್ಕೆ ಒತ್ತು ಸಿಗುವುದಿಲ್ಲ, ಹರಿದ ಎಳೆಗಳು ಬಿಲ್ಲೆಗೂ ಹೋಗುತ್ತವೆ. ಟೇಪ್ ಬೇಕಾದ್ದು ನಲ್ಲಿ ಗೋಡೆಗೆ ಕೂರುವ ಮರೆಗೆ ಮಾತ್ರ.

ಓ-ರಿಂಗಿಗೆ ಸವರಲು ಸಿಲಿಕೋನ್ ಗ್ರೀಸ್ ತನ್ನಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರುವ ರೂಢಿ ಇದೆ. ಎರಡೂ ಇಪಿಡಿಎಂ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿಗಾಲದ ಬೆಳಗ್ಗೆ ಹಿಡಿ ತಿರುಗದು.

ನೀರನ್ನು ನಿಧಾನವಾಗಿ ಬಿಡಿ, ನಲ್ಲಿ ಅರ್ಧ ತೆರೆದೇ ಇರಲಿ, ಗಾಳಿ ಹೋಗಲಿ. ಮುಚ್ಚಿ, ಒರೆಸಿ, ಕುತ್ತಿಗೆಯ ಸುತ್ತ ಒಣ ಕಾಗದ ಹಿಡಿದು ನೋಡಿ. ಎಲ್ಲ ಸರಿಯಿದ್ದ ಮೇಲೆ ಹಿಡಿ ಕೂರಿಸಿ.

ಹಳೆಯ ಸ್ಪಿಂಡಲ್ ಬರೀ ಉಪ್ಪಿನಿಂದ ಗಡುಸಾಗಿದ್ದರೆ ಅದನ್ನು ವಿನೆಗರಿನಲ್ಲಿ ನೆನೆಸಿ, ಬಿಲ್ಲೆಗಳನ್ನು ತೊಳೆದು, ತೆಳುವಾಗಿ ಗ್ರೀಸ್ ಸವರಿ ಮತ್ತೆ ಹಾಕಬಹುದು. ಬಿಚ್ಚುವಾಗ ಬಿಲ್ಲೆಗಳ ಕ್ರಮದ ಫೋಟೋ ತೆಗೆದುಕೊಳ್ಳಿ. ಗೀರು ಬಿದ್ದಿದ್ದರೆ ಇದರಿಂದ ಪ್ರಯೋಜನವಿಲ್ಲ.

ಸಿಂಗಲ್ ಲಿವರ್ ಕಾರ್ಟ್ರಿಡ್ಜ್

ಒಂದೇ ಹಿಡಿಯಲ್ಲಿ ಬಿಸಿ, ತಣ್ಣೀರು ಎರಡನ್ನೂ ನಡೆಸುವ ಮಿಕ್ಸರಿನದ್ದು ದಪ್ಪ ಕಾರ್ಟ್ರಿಡ್ಜ್. ಸಾಮಾನ್ಯವಾಗಿ ವ್ಯಾಸ 35 ಅಥವಾ 40 ಮಿಲಿಮೀಟರ್. ಎರಡೂ ಕಣ್ಣಿಗೆ ಒಂದೇ ತರ ಕಾಣುವುದರಿಂದ ಸ್ಕೇಲ್ ಇಟ್ಟು ಅಳೆಯಿರಿ. ತಳದಲ್ಲಿ ಎರಡು ಸಣ್ಣ ಕಾಲುಗಳಿರುತ್ತವೆ, ಅವು ಮೈಯ ತೂತುಗಳಲ್ಲಿ ಸರಿಯಾಗಿ ಇಳಿಯಬೇಕು. ಲಿವರಿನ ಸ್ಕ್ರೂ ಕೆಂಪು-ನೀಲಿ ಬಿಲ್ಲೆಯ ಹಿಂದೆ ಇರುತ್ತದೆ, ಹೆಚ್ಚಾಗಿ 2.5 ಮಿಲಿಮೀಟರ್ ಅಲೆನ್ ಕೀ ಹಿಡಿಸುತ್ತದೆ.

ಇದರ ಮೈ ಪ್ಲಾಸ್ಟಿಕ್ಕೇ, ಅದು ದೋಷವಲ್ಲ. ಆದರೆ ಮೇಲಿನ ಹಿತ್ತಾಳೆ ಉಂಗುರವನ್ನು ಅತಿಯಾಗಿ ಬಿಗಿದರೆ ಮೈ ಹಿಸುಕಿ ಲಿವರ್ ಕಷ್ಟಪಟ್ಟು ಏಳುತ್ತದೆ. ಸಡಿಲ ಬಿಟ್ಟರೆ ತಳದಿಂದ ಸೋರುತ್ತದೆ. ಸೋರುವುದು ನಿಂತ ಜಾಗದಿಂದ ಚೂರೇ ಮುಂದೆ ಬಿಗಿದು ನಿಲ್ಲಿಸಿ. ಬೆಲೆ ಸ್ಪಿಂಡಲಿಗಿಂತ ಹೆಚ್ಚು. ಅಗ್ಗದ ನಕಲುಗಳು ಬಹಳ ಇರುವ ಬಿಡಿಭಾಗವೂ ಇದೇ. ಸಾಧ್ಯವಿದ್ದಷ್ಟೂ ಕಂಪನಿಯ ಡೀಲರ್ ಹತ್ತಿರವೇ ಕೊಳ್ಳಿ.

ಪ್ಲಾಸ್ಟಿಕ್ ನಲ್ಲಿ

ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್‌ನ ನಲ್ಲಿಗಳು ಶೌಚಾಲಯ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಉಪ್ಪುನೀರಿಗೂ ತುಕ್ಕು ಹಿಡಿಯುವುದಿಲ್ಲ. ಸೋರಿದಾಗ ಒಳಭಾಗ ಸಿಕ್ಕರೂ ಸವೆದ ಪ್ಲಾಸ್ಟಿಕ್ ಮರೆಯಲ್ಲಿ ಅದು ಗಟ್ಟಿಯಾಗಿ ಕೂರುವುದಿಲ್ಲ. ಹೊಸ ನಲ್ಲಿಯೇ ಸರಿ. ಟೆಫ್ಲಾನ್ ಟೇಪನ್ನು ಮರೆಯ ದಿಕ್ಕಿನಲ್ಲೇ, ಬಲಕ್ಕೆ, ಹತ್ತು ಹನ್ನೆರಡು ಸುತ್ತು ಎಳೆದು ಸುತ್ತಿ. ಕೈಯಿಂದಲೇ ಬಿಗಿಯಿರಿ, ಸ್ಪ್ಯಾನರ್ ಬೇಡ.

ಯಾವ ಬಗೆಯ ನಲ್ಲಿಯಾದರೂ, ಕೆಲಸ ಮುಗಿದ ಮರುದಿನ ಫ್ಲ್ಯಾಂಜ್ ಸುತ್ತ, ಟೈಲ್ಸ್ ಸಂದಿನಲ್ಲಿ, ಗೋಡೆಯ ಇನ್ನೊಂದು ಮಗ್ಗುಲಿನಲ್ಲಿ ತೇವ ಇದೆಯೇ ಎಂದು ಕೈಯಾಡಿಸಿ ನೋಡಿ. ಇದ್ದರೆ ಎಲ್ಬೋ ಅಲುಗಿದೆ. ಬಚ್ಚಲಿನ ವಾಲ್ವ್ ಮುಚ್ಚಿ ಪ್ಲಂಬರನ್ನು ಕರೆಸಿ. ಗೋಡೆಯೊಳಗಿನ ಸಿಪಿವಿಸಿ ಜೋಡಣೆ ಸ್ಪ್ಯಾನರಿನಿಂದ ಸರಿಹೋಗುವಂಥದ್ದಲ್ಲ.